ನನ್ನ ಸಿನಿಮಾಕ್ಕೆ ನಿದ್ದೆ ಹೋದ ರುಕ್ಸಾನಾ

ನೋಡ್ರಪ್ಪಾ, ಇವತ್ತು ನನ್ನ ಸಿನಿಮಾದ ಮೊದಲ ಪ್ರದರ್ಶನವಾಯಿತು, ದಾವಣಗೆರೆಯ ನಮ್ಮ ಹೈಸ್ಕೂಲಿನಲ್ಲೇ. ನಾನು ಅಲ್ಲಿ ಡ್ರಾಯಿಂಗ್ ಮೇಷ್ಟ್ರು. ಹರಿಹರದ ಹೊಳೆ ದಂಡೆಯಲ್ಲಿ ಕೂತು ಮೊಬೈಲಿನಲ್ಲಿ ತೆಗೆದ ಚಿತ್ರ ಅದು. ಕತೆ ಇಲ್ಲ, ಮಾತಿಲ್ಲ. ನೀರಿನ ಮೇಲೆ ಬೆಳಕು ನಿಧಾನವಾಗಿ ಸರಿಯುತ್ತದೆ, ಅಷ್ಟೇ. ಪರೀಕ್ಷೆಯ ಭಯದಲ್ಲಿರುವ ಹತ್ತನೇ ಕ್ಲಾಸಿನವರಿಗೆ ಸ್ವಲ್ಪ ಸಮಾಧಾನ ಸಿಗಲಿ ಅಂತ ತೋರಿಸಿದೆ.

"ಸರ್, ವಿಡಿಯೋ ನಿಂತ್ಬಿಟ್ಟೈತೆ" ಅಂದ ಒಬ್ಬ.

"ನಿಂತಿಲ್ಲಪ್ಪ, ನೀರು ನೋಡು" ಅಂದೆ. ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು.

ಅಷ್ಟರಲ್ಲಿ ಹೆಡ್‌ಮಿಸ್ ಬಂದರು. ಮುಂದಿನ ಬೆಂಚಿನಲ್ಲಿ ರುಕ್ಸಾನಾ ಡೆಸ್ಕಿಗೆ ತಲೆಯಿಟ್ಟು ಗಾಢ ನಿದ್ದೆಯಲ್ಲಿದ್ದಳು.

"ಏನ್ರಿ ಸರ್ ಇದು? ಮಕ್ಕಳನ್ನ ಮಲಗ್ಸೋಕೆ ಸಿನಿಮಾ ಬೇರೆ ಬೇಕಾ? ಏಯ್, ಏಳಮ್ಮ!"

ಪಕ್ಕದಲ್ಲಿದ್ದ ಅವಳ ಗೆಳತಿ ಕಾವ್ಯ ತಟ್ಟನೆ ಎದ್ದು ಅಡ್ಡ ನಿಂತಳು. "ಎಬ್ಬಿಸಬ್ಯಾಡ್ರಿ ಮಿಸ್. ಪರೀಕ್ಷೆ ಹೆದರಿಕೆಗೆ ರಾತ್ರಿಯೆಲ್ಲಾ ಅಳ್ತಾಳ್ರಿ. ಸರಿಯಾಗಿ ನಿದ್ದೆ ಮಾಡಿ ಭಾಳ ದಿನ ಆಗೈತೆ."

ಹೆಡ್‌ಮಿಸ್ ಸದ್ದಾಗದಂತೆ ಬಾಗಿಲು ಮುಂದೆ ಮಾಡಿ, ಅದೇ ಬೆಂಚಿನ ತುದಿಗೆ ಕೂತು ಹೊಳೆ ನೋಡತೊಡಗಿದರು. ಚಿತ್ರ ಮುಗಿದಾಗ ನನ್ನತ್ತ ತಿರುಗಿ ಪಿಸುಗುಟ್ಟಿದರು: "ಇನ್ನೊಂದ್ಸಲ ಹಾಕ್ರಿ. ಅವ್ಳು ಏಳೋ ತನಕ ಓಡ್ಲಿ."

ಪ್ರೇಕ್ಷಕರು ನಿದ್ದೆ ಹೋದರು ಅಂತ ಇಷ್ಟು ಹೆಮ್ಮೆಪಟ್ಟ ನಿರ್ದೇಶಕ ಬಹುಶಃ ನಾನೊಬ್ಬನೇ ಇರಬೇಕು.