ಶತ್ರುವಿನ ಮುಖಕ್ಕೆ ತೇಪೆ ಹಾಕುವ ಕದೀಜಮ್ಮ

ನನಗೊಂದು ಸಣ್ಣ ಅಂಜಿಕೆ ಉಂಟು. ಯಾರಾದರೂ ಎದುರು ನಿಂತು ಮಾತಾಡಿದರೆ ಅವರಿಗೆ ಕೊಡಬೇಕಾದ ಉತ್ತರ ನನಗೆ ಹೊಳೆಯುವುದು ಮನೆಗೆ ಬಂದು ಡೈರಿ ತೆರೆದ ಮೇಲೆ. ಬಿ.ಎ. ಪಾಸಾದ ಹುಡುಗಿ ಅನಿಸಿಕೊಂಡರೂ ಇದು ಹೋಗಲಿಲ್ಲ. ‘ಯಾರೂ ಗಮನಿಸದ ಒಬ್ಬರ ಬಗ್ಗೆ ಬರೆದು ಕಳಿಸಿ’ ಎಂದು ವಾರಪತ್ರಿಕೆಯವರು ಹೇಳಿದಾಗ ಖುಷಿಗಿಂತ ಮೊದಲು ಬಂದದ್ದು ಆ ಹೆದರಿಕೆಯೇ. ಬರೆಯಬಹುದು, ಆದರೆ ಬಾಯಿಬಿಟ್ಟು ಕೇಳುವುದು ಹೇಗೆ?

ಕದೀಜಮ್ಮ ನನಗೆ ಕೇಳುವ ಕಷ್ಟ ಕೊಡುವುದಿಲ್ಲ. ಕುಂಬ್ರದ ಟೆಂಟು ಟಾಕೀಸಿನೊಳಗೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೊಯ್ಲು ಮುಗಿದ ಗದ್ದೆಯ ನೆಲಕ್ಕೆ ಚಾಪೆಗಳನ್ನು ಹಾಸಿ, ಹಗ್ಗ ಸಡಿಲಿಸಿ ಇಳಿಸಿದ ಪರದೆಯನ್ನು ಹರಡಿ, ಅದರ ನಡುವೆ ಅವರು ಕೂತಿದ್ದಾರೆ. ಹಲ್ಲಿನ ನಡುವೆ ನೂಲಿನ ತುದಿ. ಒಂದು ಕಾಲು ಮಡಚಲು ಬರುವುದಿಲ್ಲವಾದ್ದರಿಂದ ಅದನ್ನು ಉದ್ದಕ್ಕೆ ಚಾಚಿದ್ದಾರೆ.

“ಮಗಾ, ಬೆಳಕಿಗೆ ಅಡ್ಡ ಬರಬೇಡ, ಈಚೆ ಕೂತುಕೋ. ಈ ಸೂಜಿಗೆ ನೂಲು ಹಾಕಿ ಕೊಡು. ನನ್ನ ಕಣ್ಣು ಮುದಿ ಎತ್ತಿನದ್ದು. ದಾರಿ ಗೊತ್ತುಂಟು, ಗುಂಡಿ ಕಾಣುದಿಲ್ಲ.”

ಈ ವಾರ ಯುದ್ಧದ ಸಿನಿಮಾ. ಗಡಿಯಲ್ಲಿ ನಿಜವಾದ ಯುದ್ಧ ಮುಗಿದು ವರ್ಷ ದಾಟಿತು. ಟೆಂಟಿನಲ್ಲಿ ಮಾತ್ರ ಅದು ದಿನಕ್ಕೆ ಎರಡು ಆಟ ನಡೆಯುತ್ತಿದೆ. ಶತ್ರುಗಳ ಆಫೀಸರನ ಮುಖ ಪರದೆ ತುಂಬ ಬಂದು ಗಹಗಹಿಸಿ ನಕ್ಕ ಕೂಡಲೇ ನೆಲದ ಕ್ಲಾಸಿನಿಂದ ಗದ್ದೆಯ ಹೆಂಟೆ, ಕಲ್ಲು ಹಾರುತ್ತವೆ. ಪರದೆ ಹರಿಯುತ್ತದೆ. ಮರುದಿನ ಬೆಳಿಗ್ಗೆ ಕದೀಜಮ್ಮ ಹೊಲಿಯುತ್ತಾರೆ.

“ಬೇರೆ ಸಿನಿಮಾಕ್ಕೆ ಹಗ್ಗ ಎಳೆದಲ್ಲಿ, ಮೂಲೆಯಲ್ಲಿ ಹರಿಯುದು. ಇದಕ್ಕೆ ದಿನಾ ಒಂದೇ ಜಾಗ. ಅಲ್ಲಿ ಈಗ ಪರದೆಯೇ ಇಲ್ಲ, ತೇಪೆಯ ಮೇಲೆ ತೇಪೆ.”

ಬೀಡಿ ಹೊಗೆಗೆ ಪರದೆ ಹಳದಿಯಾಗಿದೆ. ಹೊಸ ತುಂಡು ಹಾಗೆಯೇ ಹಾಕಿದರೆ ಎದ್ದು ಕಾಣುತ್ತದೆ. ಅದಕ್ಕಾಗಿ ಅವರು ಹಳೆ ಮುಂಡಿನ ತುಂಡನ್ನು ತೆಳು ಚಾದಲ್ಲಿ ಅದ್ದಿ, ಒಣಗಿಸಿ, ಪರದೆಯ ಬಣ್ಣಕ್ಕೆ ತಂದು ಹೊಲಿಯುತ್ತಾರೆ. ನಿನ್ನೆ ಮೊದಲ ಆಟದಲ್ಲೇ ಪರದೆ ಹರಿಯಿತು. ಎರಡನೆಯ ಆಟಕ್ಕೆ ಜನ ಹೊರಗೆ ಬೊಬ್ಬೆ ಹಾಕುತ್ತಿದ್ದರು. ಚಾದಲ್ಲಿ ಅದ್ದಲು ಸಮಯ ಸಿಗದೆ ಬಿಳಿ ತುಂಡನ್ನೇ ಹೊಲಿದು ಮೇಲೇರಿಸಿದರು. ಈಗ ಅದನ್ನು ಬಿಚ್ಚಿ ಮತ್ತೆ ಹಾಕುತ್ತಿದ್ದಾರೆ.

ಇದೇ ಟೆಂಟಿನ ಕಂಬ ನೆಡುತ್ತಿದ್ದವರು ಅವರ ಗಂಡ. ಅವರು ಜ್ವರದಲ್ಲಿ ತೀರಿಕೊಂಡ ಮೇಲೆ ಕದೀಜಮ್ಮ ಪರದೆಯ ಸೂಜಿ ಹಿಡಿದರು. ಮಳೆಗಾಲದಲ್ಲಿ ಊರವರ ರವಿಕೆ, ಉಳಿದ ತಿಂಗಳು ಊರೂರು ಸುತ್ತುವ ಟೆಂಟಿನ ಹಿಂದೆ ಬೆಟ್ಟಂಪಾಡಿ, ನೆಟ್ಟಣ, ಕಡಬ. ಸಿನಿಮಾವನ್ನು ಅವರು ಒಮ್ಮೆಯೂ ಎದುರು ಕೂತು ನೋಡಿಲ್ಲ. ಹರಿದರೆ ಬೇಕಾಗುತ್ತದೆಂದು ಸೂಜಿ ಹಿಡಿದು ಪರದೆಯ ಹಿಂದೆ ಕೂರುತ್ತಾರೆ.

“ಹಿಂದಿನಿಂದ ಎಲ್ಲ ಉಲ್ಟಾ ಮಗಾ. ನಮ್ಮವರು ಬರುವ ಕಡೆಯಿಂದ ಅವರು ಬರುದು.” ಸ್ವಲ್ಪ ಹೊತ್ತು ಹೊಲಿದು, ತಲೆ ಎತ್ತದೆ ಹೇಳುತ್ತಾರೆ: “ಆಚೆಯವರು ಒಬ್ಬರೂ ಉಣ್ಣುದಿಲ್ಲ, ನೋಡಿದ್ದೀಯಾ? ನಮ್ಮವರು ಬುತ್ತಿ ಬಿಚ್ಚುದು, ಅಮ್ಮನ ನೆನಪು ತೆಗೆದು ಅಳುದು. ಅವರದ್ದು ನಗೆ ಮಾತ್ರ. ನನ್ನ ತಮ್ಮ ಅಲ್ಲಿಗೆ ಹೋದದ್ದೇ ಬೇರೆಯವರಿಗೆ ಬಡಿಸ್ಲಿಕ್ಕೆ.”

ಇದ್ದಿನಬ್ಬ ಎಂಬ ಆ ತಮ್ಮ ದೇಶ ಒಂದೇ ಆಗಿದ್ದಾಗ ಕರಾಚಿಯ ಚಾ ಹೋಟೆಲಿಗೆ ಕೆಲಸಕ್ಕೆ ಹೋದವರು. “ಬೊಂಬಾಯಿಗೆ ಹೋದ ಹಾಗೆ ಹೋದ. ಬರುವಾಗ ದಾರಿ ಇರಲಿಲ್ಲ. ಯುದ್ಧದ ನಂತರ ಇದ್ದಾನಾ ಇಲ್ಲವಾ, ಅದೂ ಗೊತ್ತಿಲ್ಲ.”

ನಿಮ್ಮ ಆಸೆ ಏನು ಎಂದು ಕೇಳಬೇಕೆಂದುಕೊಂಡಿದ್ದೆ. ಕೇಳಲಿಲ್ಲ. ಅವರೇ ಹೇಳಿದರು: “ಒಂದು ಬೆಳಿಗ್ಗೆ ಬಂದು ನೋಡುವಾಗ ಪರದೆ ಹರಿಯದೆ ಇರಬೇಕು. ಅವತ್ತು ನಾನು ವಾಪಸು ಹೋಗಿ ಮಲಗುದು.”

ಅಷ್ಟರಲ್ಲಿ ಟೆಂಟಿನ ಮ್ಯಾನೇಜರ್ ಮಹಾಬಲ ಬರುತ್ತಾರೆ. ಅವರ ಹಿಂದೆಯೇ ಅವರನ್ನು ತರಾಟೆಗೆ ತೆಗೆದುಕೊಳ್ಳುತ್ತ ಗದ್ದೆಯ ಯಜಮಾನ ತ್ಯಾಂಪಣ್ಣ.

“ಎಂತ ಮಾರಾಯ, ನಿನ್ನೆ ಎರಡನೇ ಆಟದಲ್ಲಿ ನಮ್ಮ ಕಡೆಯ ಕ್ಯಾಪ್ಟನ್ನ ಕೆನ್ನೆಗೆ ಸುಣ್ಣ ಬಳಿದದ್ದು ಯಾರು? ಯುದ್ಧಕ್ಕೆ ಹೊರಟವ ಯಕ್ಷಗಾನದ ಹಾಸ್ಯಗಾರನ ಹಾಗೆ ಕಾಣ್ತಿದ್ದ!”

“ಅವಸರದ ಹೊಲಿಗೆ ಧಣಿ...” ಎನ್ನುತ್ತಾರೆ ಮಹಾಬಲ.

“ಅವಸರವಾ? ಇವರ ತಮ್ಮ ಎಲ್ಲಿರುದು ಅಂತ ಊರಿಗೇ ಗೊತ್ತುಂಟು. ಸೂಜಿ ಕುಂಬ್ರದ್ದು, ನೂಲು ಕರಾಚಿಯದ್ದು! ಬೇಕೆಂದೇ ನಮ್ಮವನ ಮುಖ ಕೆಡಿಸಿದ್ದು. ಇವತ್ತಿನಿಂದ ಬೇರೆಯವರು ಹೊಲಿಯಲಿ. ಇಲ್ಲದಿದ್ದರೆ ನನ್ನ ಗದ್ದೆಯಿಂದ ಕಂಬ ಕಿತ್ತುಕೊಂಡು ಹೋಗು.”

ಮಹಾಬಲ ನೆಲ ನೋಡುತ್ತಾರೆ. “ಕದೀಜಮ್ಮ, ನಾಲ್ಕು ದಿನ ಮನೆಯಲ್ಲಿ ಕೂತುಕೊಳ್ಳಿ. ಮತ್ತೆ ನೋಡುವ.”

ನಾಲ್ಕು ದಿನ ಕಳೆದರೆ ಟೆಂಟು ನೆಟ್ಟಣಕ್ಕೆ ಹೋಗುತ್ತದೆ, ಬೇರೆ ಯಾರದ್ದೋ ಸೂಜಿಯ ಜೊತೆ. ಅದು ಅಲ್ಲಿದ್ದ ನಾಲ್ವರಿಗೂ ಗೊತ್ತು.

ಕದೀಜಮ್ಮ ವಾದ ಮಾಡುವುದಿಲ್ಲ. ವಾದ ಮಾಡುವಷ್ಟು ತ್ರಾಣ ಆ ಮುಖದಲ್ಲಿ ಕಾಣುವುದೂ ಇಲ್ಲ. “ಆಗಲಿ. ಇದೊಂದು ಮುಗಿಸಿ ಏಳ್ತೇನೆ. ಅರ್ಧಕ್ಕೆ ಬಿಟ್ಟರೆ ಇನ್ನೂ ಹರೀತದೆ” ಎಂದು ಮತ್ತೆ ಬಗ್ಗುತ್ತಾರೆ.

ನಿನ್ನೆ ಮೊದಲ ಆಟದಲ್ಲಿ ನಾನು ಹೆಂಗಸರ ಕಡೆ, ಮುಂದಿನ ಸಾಲಿನಲ್ಲಿದ್ದೆ. ಆಫೀಸರನ ಮುಖ ಮರೆಯಾಗಿ ಅದೇ ಹರಿದ ಜಾಗಕ್ಕೆ ಕ್ಯಾಪ್ಟನ್ನ ಮುಖ ಬಂದದ್ದನ್ನು ಕಣ್ಣಾರೆ ನೋಡಿದ್ದೆ. ರಾತ್ರಿ ಡೈರಿಯಲ್ಲಿ ಬರೆಯಬಹುದಾದ ವಾಕ್ಯ ಈಗಲೇ ಹೊಳೆದಿದೆ. ತ್ಯಾಂಪಣ್ಣ ತಿರುಗಿ ಹೊರಟರು. ಬಾಗಿಲ ತಟ್ಟಿಯವರೆಗೆ ಹೋದರು. ನನ್ನ ಕೈಯಲ್ಲಿ ನೂಲು ಪೋಣಿಸಿದ ಸೂಜಿ ಇನ್ನೂ ಹಾಗೆಯೇ ಇತ್ತು.

“ಮಾಮ, ನಿಲ್ಲಿ,” ಎಂದೆ. ಸ್ವರ ನನ್ನದಲ್ಲದ ಹಾಗೆ ದೊಡ್ಡದಾಗಿ ಕೇಳಿತು. “ಶತ್ರುವಿನ ಮುಖ ಬಂದ ಜಾಗಕ್ಕೇ ನಮ್ಮ ಕ್ಯಾಪ್ಟನ್ನ ಮುಖವೂ ಬರುದು. ಅಲ್ಲಿ ಕಲ್ಲು ಹೊಡೆದು ತೂತು ಮಾಡಿದ್ದು ಕದೀಜಮ್ಮ ಅಲ್ಲ. ನಾವು.”