ಚಹಾ ಕುಡಿದು ಎದ್ದು ಬಂದ ಮಾಸ್ತರರು

೧೯೬೯ರಲ್ಲಿ ಏಳನೆಯ ಇಯತ್ತೆಗೆ ನಾನು ಶಾಲೆ ಬಿಟ್ಟು ಗೌಂಡಿ ಕೆಲಸಕ್ಕೆ ಹೋದೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ನಾನು ಕಟ್ಟಿದ ಗೋಡೆಗಳು ಇವತ್ತಿಗೂ ನಿಂತಿವೆ. ಮೊನ್ನೆ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಯಾರದೋ ಮನೆಯಿಂದ ಶೇಂಗಾ ಹೋಳಿಗೆ ಬೇಯುವ ವಾಸನೆ ಬಂತು. ತಿಕೋಟಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಾಸ್ತರರು ನೆನಪಾದರು...

ಅವರು ಬಬಲೇಶ್ವರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರು. ಅವರ ತಂದೆ ಮೊಹರಂನಲ್ಲಿ ರಿವಾಯತ್ ಪದ ಹಾಡುತ್ತಿದ್ದವರು. ಆ ಪದಗಳ ಮೇಲೆಯೇ ಪಿಎಚ್.ಡಿ. ಮಾಡಬೇಕೆಂಬುದು ಮಾಸ್ತರರ ಹಟ. ಹಾಡುವ ಮುದುಕರು ಒಬ್ಬೊಬ್ಬರೇ ಹೋಗುತ್ತಿದ್ದರು, ತಡಮಾಡುವಂತಿರಲಿಲ್ಲ. ಆದರೆ ಅರ್ಜಿ ಹಾಕುವ ಮೊದಲೇ, ಮಾರ್ಗದರ್ಶನಕ್ಕೆ ಒಪ್ಪುವ ಪ್ರಾಧ್ಯಾಪಕರೊಬ್ಬರು ಬೇಕಿತ್ತು. ಧಾರವಾಡದಲ್ಲಿ ನಾನು ಕಟ್ಟಡದ ಕೆಲಸ ಮಾಡಿದ್ದೆ, ಅಲ್ಲಿನ ಓಣಿಗಳು ಗೊತ್ತಿದ್ದವು. ೧೯೭೬ರ ಬೇಸಿಗೆಯಲ್ಲಿ ಮಾಸ್ತರರು ನನ್ನನ್ನು ಜೊತೆಗೆ ಕರೆದುಕೊಂಡು ಅಲ್ಲಿನ ಒಬ್ಬ ಪ್ರಾಧ್ಯಾಪಕರ ಮನೆಗೆ ಹೋದರು. ಕೈಯಲ್ಲಿ ಅವರ ಹೆಂಡತಿ ಕಟ್ಟಿಕೊಟ್ಟ ಹೋಳಿಗೆಯ ಡಬ್ಬಿ.

ನಮ್ಮ ಕಡೆ ಒಂದು ರೂಢಿಯಿದೆ. ಮನೆಗೆ ಬಂದವರು ತಾವಾಗಿ ಕೆಲಸದ ಮಾತು ತೆಗೆಯುವುದಿಲ್ಲ. ನೀರು, ಚಹಾ ಆದಮೇಲೆ ಮನೆಯವರೇ ‘ಹ್ಯಾಂಗ ಬರೂಣಾತ್ರಿ?’ ಎಂದು ಬಂದ ಕಾರಣ ಕೇಳಬೇಕು. ಪ್ರಾಧ್ಯಾಪಕರು ಮೈಸೂರು ಕಡೆಯವರು, ಅವರಿಗೆ ಇದೇನು ಗೊತ್ತು?

‘ನಿಮ್ಮ ಕಡೆ ಮಳೆ ಬೆಳೆ ಹೇಗೆ?’ ಎಂದರು.

‘ಈ ಸಲ ಚಲೋ ಆಗಿತ್ರಿ ಸರ್.’

‘ಗೋಳಗುಮ್ಮಟ ನೋಡಬೇಕು ಒಮ್ಮೆ.’

‘ಬರ್ರಿ ಸರ್, ಮನೀಗೇ ಬರ್ರಿ.’

ನಾನು ಬೇಕಂತಲೇ ಕೆಮ್ಮಿದೆ. ಮಾಸ್ತರರು ತಿರುಗಿ, ‘ನೀರ್ ಬೇಕೇನೋ?’ ಎಂದರು.

ಚಹಾ ಮುಗಿಯಿತು. ಪ್ರಾಧ್ಯಾಪಕರು ಸ್ವಲ್ಪ ಹೊತ್ತು ಕಾದರು, ಗಡಿಯಾರ ನೋಡಿದರು, ಎದ್ದು ಕೈ ಮುಗಿದರು. ನಾವೂ ಮುಗಿದೆವು.

‘ಯಾಕ್ರೀ ಮಾಸ್ತರ, ಬಾಯಾಗ ಹೋಳಗಿ ಇಟ್ಕೊಂಡಿದ್ರೇನು?’ ರಸ್ತೆಗೆ ಬಂದು ಕೇಳಿದೆ.

‘ಅವರು ಕೇಳಲಿಲ್ಲಲ್ಲೋ... ಮಂದಿ ಮನ್ಯಾಗ ಕುಂತು ನಾನಾಗೇ ಅಂದ್ರ ಬೇಡಿದಂಗ ಆಗತೈತಿ.’

‘ಮತ್ತ ಒಳಗ ಹೋಗೂಣು ನಡ್ರಿ.’

‘ಏ, ಎದ್ದು ಬಂದೇವಿ ಇನ್ನ. ಊರಿಗಿ ಹೋಗಿ ಪತ್ರ ಬರೀತೇನಿ.’

ಬರೆದರು. ಉತ್ತರವೂ ಬಂತು. ವಿಷಯ ಬಹಳ ಒಳ್ಳೆಯದು, ಆದರೆ ತಮ್ಮಲ್ಲಿದ್ದ ಕೊನೆಯ ಜಾಗವನ್ನು ನಾವು ಬಂದುಹೋದ ಮೇಲೆ, ಹಿಂದಿನ ವಾರವಷ್ಟೇ ಬೇರೊಬ್ಬರಿಗೆ ಕೊಟ್ಟಾಯಿತು, ಮನೆಗೆ ಬಂದಾಗ ಯಾಕೆ ಬಂದಿರೆಂದು ಹೇಳಬಾರದಿತ್ತೇ ಎಂದು ಪ್ರಾಧ್ಯಾಪಕರು ಬರೆದಿದ್ದರು. ಮಾಸ್ತರರು ಓದಿ ನಕ್ಕರು. ‘ನೋಡೋ, ಈಗ ಕೇಳ್ಯಾರ!’ ಎಂದರು.

ಮರುವರ್ಷ ಆ ಪ್ರಾಧ್ಯಾಪಕರು ನಿವೃತ್ತರಾದರು. ಬೇರೆ ಇಬ್ಬರಿಗೆ ಬರೆದದ್ದಕ್ಕೆ ಉತ್ತರ ಬರಲಿಲ್ಲ. ಮಾಸ್ತರರು ಸಂಜೆ ಕಟ್ಟೆಯ ಮೇಲೆ ಕುಳಿತು ಆ ಪದಗಳನ್ನು ಹಾಡುತ್ತಿದ್ದರು, ಕೆಲಸ ಮುಗಿಸಿ ಬಂದ ನಾನು ಕೇಳುತ್ತಿದ್ದೆ... ಅವರು ತೀರಿಕೊಂಡು ಬಹಳ ವರ್ಷವಾಯಿತು. ಆ ಪದ ಹಾಡುತ್ತಿದ್ದ ಮುದುಕರೂ ಈಗಿಲ್ಲ.

ನನಗೆ ಈಗ ಜಲನಗರದಲ್ಲಿ ನಾನೇ ಕಟ್ಟಿದ ಮನೆಯಿದೆ. ನಿಡೋಣಿಯಲ್ಲಿ ನಾಲ್ಕು ಎಕರೆ ಹೊಲ, ಮೂವರು ಮಕ್ಕಳು. ಮಾಸ್ತರರ ಪದಗಳಲ್ಲಿ ನೆನಪಿರುವುದು ಎರಡು; ಅದರಲ್ಲೂ ಒಂದರ ಕೊನೆಯ ನುಡಿ ಬರುವುದಿಲ್ಲ.