ರಾಳ ಮೆತ್ತಿದ ಕೈ

ಮೊನ್ನೆ ಅಂಗಡಿಯಲ್ಲಿ ಹಳೆಯ ಡಬ್ಬಗಳನ್ನು ಒರೆಸಿಡುತ್ತಿದ್ದಾಗ ರಾಳದ ಡಬ್ಬದ ಮುಚ್ಚಳ ಕಳಚಿ ಬಿತ್ತು. ದೇವರಾಜ ಮೊಹಲ್ಲಾದ ನಮ್ಮ ಗ್ರಂಥಿಗೆ ಅಂಗಡಿಯಲ್ಲಿ ವಾಸನೆಗೇನೂ ಬರವಿಲ್ಲ. ಬಜೆ, ಇಂಗು, ಕರ್ಪೂರ, ಲಾವಂಚ ಎಲ್ಲವೂ ಸೇರಿ ನನ್ನ ಮೂಗಿಗೆ ಯಾವತ್ತೋ ಕಲಸುಮೇಲೋಗರವಾಗಿ ಹೋಗಿವೆ. ರಾಳದ ವಾಸನೆ ಮಾತ್ರ ಬೇರೆಯಾಗಿ ನಿಲ್ಲುತ್ತದೆ. ಅದು ಮೂಗಿಗೆ ಬಡಿದರೆ ನನ್ನ ಎರಡೂ ಮಣಿಕಟ್ಟುಗಳನ್ನು ಯಾರೋ ಬಿಗಿಯಾಗಿ ಹಿಡಿದುಕೊಂಡ ಹಾಗಾಗುತ್ತದೆ...

ಅಕ್ಕ ನಮ್ಮ ಅಂಗಡಿಗೆ ಮೊದಲ ಸಲ ಬಂದದ್ದು ರಾಳ ಕೊಳ್ಳುವುದಕ್ಕೇ. ಆಗಿನ್ನೂ ಅವರು ನನಗೆ ಅಕ್ಕ ಆಗಿರಲಿಲ್ಲ. ಐವತ್ತರ ಆಸುಪಾಸಿನ ಹೆಂಗಸು, ಗರಡಿಯಾಳಿನಂಥ ಹೆಗಲು, ಅದಕ್ಕೊಂದು ಮಾಸಿದ ಕ್ಯಾನ್ವಾಸ್ ಚೀಲ. ಅಪ್ಪ ತೂಗಿಕೊಟ್ಟ ರಾಳವನ್ನು ಅವರು ಸುಮ್ಮನೆ ತೆಗೆದುಕೊಳ್ಳಲಿಲ್ಲ. ಒಂದು ಹರಳನ್ನು ಪುಡಿ ಮಾಡಿ, ಅಂಗೈಗೆ ಉಜ್ಜಿ, ಅಂಗಡಿಯ ಕಂಬವನ್ನು ಹಿಡಿದು ಎಳೆದು ನೋಡಿದರು. "ಇದ್ರಲ್ಲಿ ಏನೋ ಬೆರ್ಸವ್ರೆ ಸ್ವಾಮಿ" ಎಂದರು. ಅಪ್ಪನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಂಗು ತಂದವನನ್ನೂ ಕೇಸರಿ ತಂದವನನ್ನೂ ಕೊನೆಗೆ ಮನೆಗೆ ಹಾಲು ಹಾಕುವವನನ್ನೂ ಅನುಮಾನಿಸಿಯೇ ಬಾಳಿದವರು ಅವರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ನಮ್ಮ ಮನೆಯ ಕುಲಕಸುಬು. ತಮ್ಮ ಜಾತಿಯವರೇ ಒಬ್ಬರು ಸಿಕ್ಕಿದರು ಎಂಬ ಖುಷಿಯಲ್ಲಿ ಅಪ್ಪ ಒಳಗಿನಿಂದ ಬೇರೆ ಡಬ್ಬ ತರಿಸಿದರು.

ಅದಾದ ಕೆಲವು ದಿನಕ್ಕೆ ಅದೇ ಹೆಂಗಸನ್ನು ಒಂಟಿಕೊಪ್ಪಲಿನ ಒಂದು ಹಳೆಯ ಗೋದಾಮಿನಲ್ಲಿ, ಸೂರಿನ ಕಬ್ಬಿಣದ ತೊಲೆಯಿಂದ ಇಳಿಬಿಟ್ಟ ಜೋಕಾಲಿಗೆ ಮೊಣಕಾಲು ಸಿಕ್ಕಿಸಿ ತಲೆಕೆಳಗಾಗಿ ನೇತಾಡುತ್ತಿರುವುದನ್ನು ಕಂಡೆ. ನಾನು ಕಾಲೇಜಿನಲ್ಲಿ ಮಲ್ಲಕಂಬ ಹತ್ತಿದವಳು, ಒಂದೆರಡು ನಾಟಕದಲ್ಲೂ ಬಣ್ಣ ಹಚ್ಚಿದ್ದೆ. ಸರ್ಕಸ್ಸು ಬಿಟ್ಟು ಬಂದವರೂ ನಾಟಕದವರೂ ಸೇರಿ ಗಾಳಿಯಲ್ಲೊಂದು ನಾಟಕ ಕಟ್ಟುತ್ತಾರಂತೆ ಎಂದು ಯಾರೋ ಹೇಳಿದ್ದನ್ನು ಕೇಳಿ ಹೋಗಿದ್ದೆ. ಅದನ್ನು ನಡೆಸುತ್ತಿದ್ದವರನ್ನು ನಾವು ಮೇಷ್ಟ್ರು ಎನ್ನುತ್ತಿದ್ದೆವು. ತಾನು ನಿರ್ದೇಶಕನಲ್ಲ, ಇಲ್ಲಿ ಯಾರೂ ಮೇಲಲ್ಲ ಯಾರೂ ಕೀಳಲ್ಲ, ನಾಟಕವನ್ನು ಎಲ್ಲರೂ ಸೇರಿ ಕಟ್ಟಬೇಕು ಎಂದು ಅವರು ಪದೇ ಪದೇ ಹೇಳುತ್ತಿದ್ದರು. ಇಷ್ಟು ಸಲ ಹೇಳುವವರೇ ನಿರ್ದೇಶಕರು ಎಂದು ನನಗೆ ಮೊದಲ ದಿನವೇ ಗುಮಾನಿ ಬಂತು.

ನಾಟಕಕ್ಕೆ ಬರೆದಿಟ್ಟ ಮಾತುಗಳಿರಲಿಲ್ಲ. ಬೆಳಿಗ್ಗೆ ಎಲ್ಲರೂ ಸುತ್ತ ಕೂರಬೇಕು. ಬದುಕಿನಲ್ಲಿ ನಿಮ್ಮನ್ನು ಕೈಬಿಟ್ಟವರು ಯಾರು ಎಂದು ಮೇಷ್ಟ್ರು ಕೇಳುತ್ತಾರೆ. ಒಬ್ಬೊಬ್ಬರು ಒಂದೊಂದು ಕತೆ ಹೇಳಬೇಕು. ಅದನ್ನೇ ಮಧ್ಯಾಹ್ನ ಜೋಕಾಲಿಯ ಮೇಲೆ, ಇಳಿಬಿಟ್ಟ ಬಟ್ಟೆಯ ಮೇಲೆ ಆಡಿ ನೋಡುವುದು. ಜನ ಅತ್ತುಕೊಂಡು ಹೇಳುತ್ತಿದ್ದ ಕತೆಗಳಲ್ಲಿ ಎಷ್ಟು ನಿಜ, ಎಷ್ಟು ಬೆರಕೆ ಎಂದು ನಾನು ಒಳಗೊಳಗೇ ತೂಗುತ್ತಾ ಕೂರುತ್ತಿದ್ದೆ. ನಾನು ಹೇಳಿದ್ದರಲ್ಲಂತೂ ಅರ್ಧ ಬೆರಕೆಯೇ. ಅಕ್ಕ ಮಾತ್ರ ಬಾಯಿ ಬಿಡಲಿಲ್ಲ. ಬಲವಂತ ಮಾಡಿದಾಗ "ನಂಗೆ ಕತೆ ಗಿತೆ ಇಲ್ಲ ಕಣಪ್ಪ. ನಾನು ಸರ್ಕಸ್ನಲ್ಲಿ ಇಡಿಯೋಳು. ಜೋಕಾಲಿ ಬುಟ್ಟು ಬರೋರ್ನ ಇಡಿಯೋದು ಅಷ್ಟೇ ಗೊತ್ತು" ಎಂದು ಚೀಲದಿಂದ ಹಗ್ಗ ತೆಗೆದು ಗಂಟುಗಳನ್ನು ಎಳೆಯುತ್ತಾ ಕೂತರು. ಬೇರೆಯವರು ಹಾಕಿದ ಗಂಟನ್ನು ಅವರು ಒಂದು ದಿನವೂ ನಂಬಿದವರಲ್ಲ. ಎಳೆದು ನೋಡಿ, ಬಿಚ್ಚಿ, ತಾವೇ ಕಟ್ಟುತ್ತಿದ್ದರು. ಪಕ್ಕದಲ್ಲಿ ಕೂರುತ್ತಿದ್ದ ನನಗೂ ಆ ಗಂಟು ಕಲಿಸಿದರು.

ನಾಟಕದವರಿಗೂ ಸರ್ಕಸ್ಸಿನವರಿಗೂ ಎಣ್ಣೆ ಸೀಗೆಕಾಯಿ. ನಾವು ದಿನಕ್ಕೊಂದು ಭಾವ ಬಂತೆಂದು ದಿನಕ್ಕೊಂದು ರೀತಿ ಮಾಡುವವರು. "ಇವತ್ತೊಂದ್ ತರ ನಾಳೆ ಒಂದ್ ತರ ಬಂದ್ರೆ ನಾನು ಎಂಗೆ ಇಡಿಯೋದು?" ಎಂದು ಅಕ್ಕ ಗದರುತ್ತಿದ್ದರು. ಕೊನೆಯ ದೃಶ್ಯದಲ್ಲಿ ನಾನು ಮಗಳು, ಅವರು ತಾಯಿ. ನಾನು ಒಂದು ಜೋಕಾಲಿಯಿಂದ ತೂಗಿ ಬಂದು ಕೈ ಬಿಡಬೇಕು, ಎದುರಿನ ಜೋಕಾಲಿಯಲ್ಲಿ ತಲೆಕೆಳಗಾಗಿ ತೂಗುತ್ತಿರುವ ಅಕ್ಕ ನನ್ನ ಮಣಿಕಟ್ಟು ಹಿಡಿಯಬೇಕು. ಕೆಳಗೆ ಬಲೆಯಿತ್ತು, ಇದ್ದರೂ ಭಯವೇ. ಅವರದು ಒಂದೇ ಕಟ್ಟಳೆ. ಜೋಕಾಲಿ ಬಿಡುವಾಗ "ಬಂದೆ" ಎಂದು ಗಟ್ಟಿಯಾಗಿ ಕೂಗಬೇಕು. "ಕೈ ಬುಡೋಕ್ ಮುಂಚೆ ಬಾಯಿ ಬುಡು" ಎನ್ನುತ್ತಿದ್ದರು. ನಾನು "ಬಂದೆ ಅಕ್ಕ" ಎನ್ನುವುದೇ ತಡ, ಜಾರದಂತೆ ರಾಳ ಮೆತ್ತಿದ ಕೈಗಳು ಬಂದು ಕಚ್ಚಿಕೊಳ್ಳುತ್ತಿದ್ದವು.

ಆದರೂ ಅವರ ಮೇಲೆ ನನಗೊಂದು ಕಣ್ಣಿತ್ತು. ಮೇಲೆ ಹತ್ತುವ ಮುಂಚೆ ಅವರು ಮೂಲೆಯ ಗೋಣಿಚೀಲಗಳ ಹಿಂದೆ ಹೋಗಿ, ನಮಗೆ ಬೆನ್ನು ಹಾಕಿ, ತಲೆ ಹಿಂದಕ್ಕೆ ಬಾಗಿಸುತ್ತಿದ್ದರು. ಕೈಯಲ್ಲಿ ಸಣ್ಣದೊಂದು ಸೀಸೆ. "ಎಣ್ಣೆ ಹಾಕ್ದೆ ಆ ಎತ್ತರದಲ್ಲಿ ತಲೆಕೆಳಗಾಗಿ ನೇತಾಡಕ್ಕಾಗುತ್ತೇನ್ರೀ" ಎಂದು ನಮ್ಮಲ್ಲೊಬ್ಬ ಕಣ್ಣು ಮಿಟುಕಿಸಿದ. ಇಲ್ಲಿ ಯಾರೂ ಕುಡಿದು ಬರಬಾರದು ಎಂದು ಒಂದು ಬೆಳಿಗ್ಗೆ ಮೇಷ್ಟ್ರು ಎಲ್ಲರಿಗೂ ಸೇರಿಸಿ ಹೇಳಿದಾಗ ಅಕ್ಕನ ಕೈ ಚೀಲದ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಮೂಗು ನನ್ನ ಪಿತ್ರಾರ್ಜಿತ ಆಸ್ತಿಯಲ್ಲವೇ, ಹತ್ತಿರ ಹೋಗಿ ಮೂಸಿದೆ. ಬರೀ ಲವಂಗದ ವಾಸನೆ. ಬೇರೆ ವಾಸನೆ ಮುಚ್ಚುವುದಕ್ಕಲ್ಲದೆ ಲವಂಗ ಯಾಕೆ ಅಗಿಯುತ್ತಾರೆ ಎಂದುಕೊಂಡೆ.

ಇನ್ನೂ ಕೆಲವು ಸಂಗತಿಗಳಿದ್ದವು. ಟೀ ಲೋಟ ಎದುರಿಗಿಟ್ಟರೆ ಅವರ ಕೈ ಒಂದಿಷ್ಟು ಪಕ್ಕಕ್ಕೆ ಹೋಗಿ ಆಮೇಲೆ ಲೋಟ ಹುಡುಕುತ್ತಿತ್ತು. ಯಾರಾದರೂ ಸದ್ದಿಲ್ಲದೆ ಪಕ್ಕದ ಬಾಗಿಲಿಂದ ಬಂದರೆ "ಯಾರದು?" ಎಂದು ಬೆಚ್ಚುತ್ತಿದ್ದರು. ಕುಡಿದವರ ಲಕ್ಷಣ ಎಂದು ನನ್ನ ಲೆಕ್ಕ ಇನ್ನೂ ಗಟ್ಟಿಯಾಯಿತು. ಅನುಮಾನಂ ಪೆದ್ದ ರೋಗಂ ಎಂದು ಅಮ್ಮ ನನ್ನನ್ನು ಬೈಯುತ್ತಿದ್ದಳು. ಆದರೆ ಅಷ್ಟೆತ್ತರದಲ್ಲಿ ಕೈ ಬಿಡಬೇಕಾದವಳು ಅಮ್ಮನಲ್ಲವಲ್ಲ!

ಪ್ರದರ್ಶನ ಹತ್ತಿರ ಬಂದಾಗ ಮೇಷ್ಟ್ರಿಗೊಂದು ಹೊಳಹು ಬಂತು. ಕೊನೆಯ ದೃಶ್ಯದಲ್ಲಿ ಕೂಗು ಬೇಡ, ಮಗಳು ಮೌನದಲ್ಲೇ ಹಾರಲಿ ಎಂದರು. ಒಪ್ಪುವವರು ಕೈ ಎತ್ತಬೇಕಿತ್ತು. ಎಲ್ಲರ ಕೈಯೂ ಮೇಲೆ ಹೋಯಿತು, ನನ್ನದೂ.

"ಕೂಗ್ದೆ ಬಂದ್ರೆ ನಾನು ಇಡಿಯಕಿಲ್ಲ" ಎಂದರು ಅಕ್ಕ.

"ಅಕ್ಕ, ಇಲ್ಲಿ ಏನಿದ್ರೂ ಎಲ್ಲರೂ ಸೇರಿ ತೀರ್ಮಾನ ಮಾಡೋದು" ಎಂದು ಮೇಷ್ಟ್ರು ನಯವಾಗಿ ಹೇಳಿದರು.

"ಬೀಳೋವಾಗ್ಲೂ ಎಲ್ರೂ ಸೇರಿ ಬೀಳ್ತೀರಾ?"

ಯಾರೋ ನಕ್ಕರು. ಅಕ್ಕ ಹಗ್ಗ ಎತ್ತಿಕೊಂಡು ಗಂಟು ಎಳೆಯತೊಡಗಿದರು. ಒಂದು ಸಣ್ಣ ಕೂಗಿಗೆ ಇಷ್ಟು ಹಟ ಯಾಕೆ ಎಂಬುದೊಂದು ಹೊಸ ಹುಳ ನನ್ನ ತಲೆಯೊಳಗೆ ಬಿತ್ತು.

ಮರುದಿನ ಮೊದಲ ಸಲ ದೊಡ್ಡ ದೀಪಗಳನ್ನು ಹಾಕಿ, ಕೂಗಿಲ್ಲದೆ ಮಾಡಿದೆವು. ನಾನು ಸರಿಯಾದ ಗಳಿಗೆಗೇ ಕೈ ಬಿಟ್ಟೆ. ಅಕ್ಕನ ಬೆರಳು ನನ್ನ ಮೊಣಕೈಗೆ ತಗುಲಿ ಜಾರಿತು, ನಾನು ಬಲೆಗೆ ಬಿದ್ದೆ. ಕೈ ಬಿಟ್ಟದ್ದು ತಡವಾಯಿತು, ನಿನಗೆ ಇನ್ನೂ ಹೆದರಿಕೆ ಎಂದು ಎಲ್ಲರೂ ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಬಲೆಯಲ್ಲಿ ಬಿದ್ದುಕೊಂಡೇ ಮೇಲೆ ನೋಡಿದೆ. ಅಕ್ಕ ಇನ್ನೂ ನಾನು ಬರಬೇಕಾಗಿದ್ದ ಕಡೆಗೇ ಕೈ ಚಾಚಿಕೊಂಡಿದ್ದರು. ಕೆಳಗಿಳಿದ ಮೇಲೆ, ತಪ್ಪು ಅವಳದಲ್ಲ ಎಂದು ಅವರ ಬಾಯಿಂದ ಒಂದು ಮಾತು ಬರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಆ ಉರಿಯಲ್ಲೇ ಮಾರನೆಯ ದಿನ ಗೋಣಿಚೀಲಗಳ ಹಿಂದೆ ಮೊದಲೇ ಹೋಗಿ ನಿಂತುಕೊಂಡೆ. ಸೀಸೆ ಸಮೇತ ಹಿಡಿಯಬೇಕೆಂದಿತ್ತು. ಅಕ್ಕ ಬಂದರು, ಸೀಸೆ ತೆಗೆದರು, ತಲೆ ಹಿಂದಕ್ಕೆ ಬಾಗಿಸಿದರು. ಬೆರಳಿಂದ ಕೆಳಗಿನ ರೆಪ್ಪೆ ಎಳೆದು ಕಣ್ಣಿಗೆ ಒಂದೊಂದು ಹನಿ ಬಿಟ್ಟುಕೊಂಡರು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಅವರಿಗೆ ಕಾಣಲಿಲ್ಲ. ಆಮೇಲೆ ಮೂಗು ಅರಳಿಸಿದರು.

"ಅಂಗ್ಡಿಯೋರ ಮಗಳಲ್ವಾ? ಇಂಗಿನ ವಾಸ್ನೆ ಬತ್ತದೆ."

"ಕಣ್ಣಿಗೇನಾಗಿದೆ ಅಕ್ಕ?"

"ಒಳಗೆ ಒತ್ತಡ ಜಾಸ್ತಿ ಆಗದೆ ಅಂದ್ರು ಡಾಕ್ಟ್ರು. ಸುತ್ತಲಿಂದ ಕತ್ಲೆ ಕಟ್ಕೊಂಡು ಬತ್ತದಂತೆ. ಓಗಿರೋ ಕಣ್ಣು ವಾಪಸ್ ಬರಕಿಲ್ವಂತೆ. ಇನ್ಮ್ಯಾಲೆ ತಲೆಕೆಳಗಾಗಿ ನೇತಾಡ್ಬ್ಯಾಡ ಅಂದ್ರು." ಸ್ವಲ್ಪ ನಕ್ಕರು. "ಇನ್ನೇನ್ ಮಾಡಕ್ ಬತ್ತದೆ ನಂಗೆ?"

"ದೀಪ ಹಾಕಿದಾಗ ನಾನು ಕಾಣ್ತೀನಾ? ನಿಜ ಹೇಳಿ."

"ಬೆಳ್ಳಗೆ ಏನೋ ಒಂದು ಕಾಣ್ತದೆ ಕಣವ್ವ. ಅದು ನೀನೋ ಲೈಟೋ ಗೊತ್ತಾಗಕಿಲ್ಲ. ನೀನು ಕೂಗಿದ್ರೆ ಗೊತ್ತಾಗ್ತದೆ."

"ಮೇಷ್ಟ್ರಿಗೆ ಹೇಳಬೇಕಿತ್ತಲ್ಲ?"

"ಏಳಿದ್ರೆ ಎಲ್ರೂ ಸೇರ್ಕೊಂಡು ಕೈ ಎತ್ತಿಬುಡ್ತಾರೆ. ನಾನು ಮನೇಲ್ ಕೂರ್ಬೇಕು."

ನಿನ್ನೆ ನನ್ನನ್ನು ಬೈಯುವಾಗ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿಯೇಬಿಟ್ಟೆ. ಅವರು ಸೀಸೆಯ ಮುಚ್ಚಳ ತಿರುಗಿಸುತ್ತಾ "ತಪ್ಪು ನಂದೇ ಅಂತ ನಿಂಗೆ ಗೊತ್ತಿತ್ತಲ್ಲ, ಸಾಲ್ದಾ?" ಎಂದರು. ಆ ಮಾತು ನನಗೆ ಹಿಡಿಸಲಿಲ್ಲ. ಇವತ್ತಿಗೂ ಹಿಡಿಸಿಲ್ಲ.

ಪ್ರದರ್ಶನದವರೆಗೂ ನನಗೆ ಅದೇ ಚಿಂತೆ. ಮೇಷ್ಟ್ರಿಗೆ ಹೇಳಿದರೆ ಅಕ್ಕನ ಜೋಕಾಲಿ ಹೋಗುತ್ತದೆ. ಹೇಳದಿದ್ದರೆ ಕಣ್ಣು ಕಾಣದವರ ಕೈಗೆ ನನ್ನ ಮೈಯನ್ನು ಎಸೆಯಬೇಕು. ನಡುವೆ ಇನ್ನೊಂದು ಅನುಮಾನವೂ ಇಣುಕಿತು. ಕತೆ ಹೇಳದ ಹೆಂಗಸು ನನಗೊಬ್ಬಳಿಗೇ ಇಷ್ಟು ಸಲೀಸಾಗಿ ಕತೆ ಹೇಳಿದರಲ್ಲ, ಇದೂ ಬೆರಕೆಯಾಗಿದ್ದರೆ? ಕುಡಿಯುವುದನ್ನು ಮುಚ್ಚಲು ಕಣ್ಣಿನ ನೆಪವಾಗಿದ್ದರೆ? ಇಂಥ ಯೋಚನೆಗೆ ನನ್ನ ಮೇಲೆ ನನಗೇ ಬೇಸರವಾಯಿತು, ಆದರೂ ಅದು ಹೋಗಲಿಲ್ಲ. ಯಾರಿಗೂ ಏನೂ ಹೇಳದೆ ಅಭ್ಯಾಸಕ್ಕೆ ಹೋಗಿ ಬರುತ್ತಿದ್ದೆ. ಮೈಕೈ ನೋವೆಂದು ಹೇಳಿ ಹಾರುವುದನ್ನು ಮಾತ್ರ ತಪ್ಪಿಸಿಕೊಂಡೆ.

ಮೊದಲ ಪ್ರದರ್ಶನದ ಸಂಜೆ ಗೋದಾಮು ತುಂಬಿತ್ತು. ನಾನು ಮೇಲಿನ ಹಲಗೆಯ ಮೇಲೆ ನಿಂತೆ. ತಮಟೆ ನಿಂತಿತು, ಜನರ ಕೆಮ್ಮೂ ನಿಂತಿತು. ಎದುರಿಗೆ ಅಕ್ಕ ತಲೆಕೆಳಗಾಗಿ ತೂಗುತ್ತಿದ್ದರು. ಅವರ ಮುಖ ನನ್ನ ಕಡೆಗಿರಲಿಲ್ಲ, ನನ್ನ ಪಕ್ಕದ ದೀಪದ ಕಡೆಗಿತ್ತು. ಆಗ ಮಾತ್ರ ನನಗೆ ಪೂರ್ತಿ ನಂಬಿಕೆ ಬಂತು. ಅವರು ಹೇಳಿದ್ದು ಅಸಲಿ. ನನ್ನನ್ನು ಹಿಡಿಯಬೇಕಾದವರು ದೀಪಕ್ಕೆ ಕೈ ಚಾಚಿಕೊಂಡಿದ್ದರು. ಹಲಗೆ ಬಿಟ್ಟು ತೂಗಿದೆ, ಒಂದು ಸಲ ಹೋಗಿ ಬಂದೆ, ಮತ್ತೆ ಹೋದೆ. ಎಲ್ಲರೂ ಸೇರಿ ಮಾಡಿದ ತೀರ್ಮಾನ ಎಲ್ಲಿತ್ತೋ ಏನೋ, "ಬಂದೇ ಅಕ್ಕಾ" ಎಂದು ಗೋದಾಮಿನ ಸೂರು ಹಾರುವಂತೆ ಕೂಗಿ ಕೈ ಬಿಟ್ಟೆ.

ಅಕ್ಕನ ಮುಖ ಚಟಕ್ಕನೆ ದೀಪದಿಂದ ನನ್ನ ಕಡೆ ತಿರುಗಿತು. ರಾಳದ ವಾಸನೆ ಬಂತು, ಕೈಗಳು ಬಂದವು. ಅಷ್ಟು ಬಿಗಿಯಾದ ಹಿಡಿತವನ್ನು ನಾನು ಮತ್ತೆ ಕಂಡಿಲ್ಲ. ಒಂದು ವಾರ ನನ್ನ ಮಣಿಕಟ್ಟಿನ ಮೇಲೆ ಅವರ ಬೆರಳುಗಳ ಗುರುತಿತ್ತು.

ನಾವು ಒಳಗೆ ಬಂದಾಗ ಮೇಷ್ಟ್ರು ಕೆಂಡವಾಗಿದ್ದರು. ಆದರೆ ಆ ಕೂಗಿಗೆ ಜನ ಕಣ್ಣೊರೆಸಿಕೊಂಡದ್ದು ತಿಳಿದ ಮೇಲೆ, ಕೂಗು ಇರಲಿ, ಇದು ನಾವೆಲ್ಲರೂ ಸೇರಿ ಕಂಡುಕೊಂಡದ್ದು ಎಂದು ಮರುದಿನ ಹೇಳಿದರು. ಅವರ ಬೆನ್ನ ಹಿಂದೆ ಹಗ್ಗದ ಗಂಟು ಎಳೆಯುತ್ತಿದ್ದ ಅಕ್ಕನ ಹೆಗಲುಗಳು ನಗುವಿಗೆ ಸದ್ದಿಲ್ಲದೆ ಕುಲುಕುತ್ತಿದ್ದವು.

ಆ ನಾಟಕ ಮುಗಿದ ಮೇಲೆ ಅಕ್ಕ ಜೋಕಾಲಿ ಹತ್ತಲಿಲ್ಲ. ಕತ್ತಲೆ ಡಾಕ್ಟರು ಹೇಳಿದ್ದಕ್ಕಿಂತ ಬೇಗ ಬಂತು. ಆ ಕಡೆಯ ದಿನಗಳ ನೇತಾಟ ಅದನ್ನು ಎಷ್ಟು ಬೇಗ ಕರೆತಂದಿತೋ... ಅದನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕುಂಬಾರಕೊಪ್ಪಲಿನಲ್ಲಿ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿದ್ದರು. ನಾನು ಆಗಾಗ ಹೋಗುತ್ತಿದ್ದೆ. ಬಾಗಿಲಲ್ಲಿ ನಿಂತು "ಬಂದೆ ಅಕ್ಕ" ಎಂದರೆ ಒಳಗಿನ ಕತ್ತಲಿಂದ ಕೈ ಚಾಚಿಕೊಳ್ಳುತ್ತಿತ್ತು. ಕಣ್ಣು ನಿಜಕ್ಕೂ ಪೂರ್ತಿ ಹೋಗಿದೆಯೇ ಎಂದು ನೋಡಲು ಒಂದು ದಿನ ಬೇಕೆಂದೇ ಮಾತಾಡದೆ ನಿಂತೆ. ಹುಟ್ಟುಗುಣ ಎಲ್ಲಿ ಹೋಗುತ್ತದೆ! "ಯಾಕೆ, ಇವತ್ತು ಬಾಯಿ ಮನೇಲ್ ಬುಟ್ಟು ಬಂದ್ಯಾ?" ಎಂದರು. ಇಂಗು ನನ್ನನ್ನು ಅವತ್ತೂ ಹಿಡಿದುಕೊಟ್ಟಿತ್ತು.

ಹೋದ ವರ್ಷ ಅಕ್ಕ ಹೋದರು. ನಾನು ಹೋಗುವ ಹೊತ್ತಿಗೆ ಹಜಾರದಲ್ಲಿ ಮಲಗಿಸಿದ್ದರು. ಅಭ್ಯಾಸಬಲದಿಂದ "ಬಂದೆ ಅಕ್ಕ" ಎಂದೆ. ಅವರ ತಮ್ಮನ ಹೆಂಡತಿ ತಲೆಯೆತ್ತಿ ನನ್ನನ್ನೊಮ್ಮೆ ನೋಡಿದರು. ಅಕ್ಕನ ಎರಡೂ ಕೈ ಎದೆಯ ಮೇಲಿಟ್ಟು, ಹೆಬ್ಬೆರಳುಗಳನ್ನು ಸೇರಿಸಿ ಬಟ್ಟೆಯ ಚೂರಿನಿಂದ ಕಟ್ಟಿದ್ದರು. ಬೇರೆಯವರು ಹಾಕಿದ ಗಂಟು. ಮೆಲ್ಲಗೆ ಎಳೆದು ನೋಡಿದೆ, ಸಡಿಲವಾಗಿತ್ತು. ಪಕ್ಕದಲ್ಲಿ ಕೂತು ಅದನ್ನು ಬಿಚ್ಚಿ, ಅವರು ಕಲಿಸಿದ ಹಾಗೆ ಕಟ್ಟಿದೆ. ಕಟ್ಟಿ ಮುಗಿಸಿದ ಮೇಲೆ ಅಳು ಬಂತು, ನಿಲ್ಲಿಸಲು ಆಗಲಿಲ್ಲ.

ಮೊನ್ನೆ ಆ ಡಬ್ಬದಿಂದ ಒಂದು ಹರಳು ತೆಗೆದು ಪುಡಿ ಮಾಡಿ, ಅಂಗೈಗೆ ಉಜ್ಜಿ, ಅಂಗಡಿಯ ಕಂಬ ಹಿಡಿದು ನೋಡಿದೆ. ಅಸಲಿ ಮಾಲು, ಕೈ ಜಾರಲಿಲ್ಲ. ಮುಚ್ಚಳ ಹಾಕಿಟ್ಟೆ. ಅಕ್ಕನಿಲ್ಲದ ಕೊರತೆ ನನಗೆ ಹೀಗೆ ಎಲ್ಲೆಲ್ಲೋ ತಗುಲುತ್ತದೆ. ಈಗಲೂ ಯಾರ ಮನೆ ಬಾಗಿಲಲ್ಲಿ ನಿಂತರೂ ಬೆಲ್ ಒತ್ತುವ ಮೊದಲು ನನ್ನ ಬಾಯಿಗೆ "ಬಂದೆ" ಎಂದೇ ಬರುತ್ತದೆ. ಒಳಗಿನವರು "ಯಾರು?" ಎಂದು ಕೇಳುತ್ತಾರೆ. ಅಕ್ಕ ನನ್ನನ್ನು ಒಂದು ಸಲವೂ ಹಾಗೆ ಕೇಳಿರಲಿಲ್ಲ.